ಬೂದಿಯೂ ಇಟ್ಟಿಗೆಯ ಚೂರೂ

ರಾಯಚೂರಿಗೆ ಸಮೀಪದಲ್ಲಿ, ಕೃಷ್ಣಾನದಿಯ ದಡದಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕೆಲಸಕ್ಕೆ ತೊಡಗಿತು. ಮುಂದೆ ಘಟಕಗಳು ಎಂಟಾಗಿ, ಸ್ಥಾಪಿತ ಸಾಮರ್ಥ್ಯವು 1720 ಮೆಗಾವಾಟ್ ಆಯಿತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ ಆಗಿರುವುದರಿಂದ, ಮೂರು ಟನ್ ಉರಿಸಿದರೆ ಒಂದು ಟನ್ನಿನಷ್ಟು ಬೂದಿ ಉಳಿಯುತ್ತದೆ. ರಾಶಿ ಹಾಕಿದರೆ ನೆಲ ಹಾಳು. ಒಣಗಿದರೆ ಗಾಳಿಗೆ ಹಾರಿ ಊರಿಗೆಲ್ಲ ಉಪದ್ರವ. ಇದನ್ನು ಏನು ಮಾಡಬೇಕು?

ಇದು ನಮ್ಮ ಅಜ್ಜಿಯರು ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿಯಂಥದಲ್ಲ. ಕಲ್ಲಿದ್ದಲಿನೊಡನೆ ಬೆರೆತಿರುವ ಜೇಡಿಮಣ್ಣು ಕುಲುಮೆಯ ಉರಿಯಲ್ಲಿ ಕರಗಿ, ಹೊಗೆಯೊಡನೆ ಹಾರುತ್ತ ಥಟ್ಟನೆ ತಣಿದು, ಗಾಜಿನಂಥ ಸಣ್ಣ ಗೋಲಿಗಳಾಗುತ್ತದೆ. ಅದರಲ್ಲಿರುವುದು ಬಹುಮಟ್ಟಿಗೆ ಸಿಲಿಕ ಮತ್ತು ಅಲ್ಯುಮಿನ. ನೀರು ಮಾತ್ರ ಸೇರಿಸಿದರೆ ಈ ಹಾರುಬೂದಿ ಗಟ್ಟಿಯಾಗದು, ಸುಣ್ಣವೂ ಇರಬೇಕು. ಸಿಮೆಂಟು ನೀರನ್ನು ಹೀರಿ ಗಟ್ಟಿಯಾಗುವಾಗ ಸುಣ್ಣವನ್ನು ಬಿಡುತ್ತದೆಯಷ್ಟೆ. ಬೂದಿಯ ಸಿಲಿಕವು ಆ ಸುಣ್ಣದೊಡನೆ ಕೂಡಿ ಮತ್ತಷ್ಟು ಅಂಟನ್ನು ಉಂಟುಮಾಡುತ್ತದೆ. ಇಟಲಿಯ ಪೊಜ್ಜುವೋಲಿ ಎಂಬ ಊರಿನ ಅಗ್ನಿಪರ್ವತದ ಬೂದಿಯಿಂದ ರೋಮನರು ಪಡೆದ ಗುಣವೂ ಇದೇ. ಆದುದರಿಂದಲೇ ಇಂಥ ಬೂದಿ ಬೆರೆಸಿದ ಸಿಮೆಂಟಿಗೆ ಪೊಜೊಲಾನ ಸಿಮೆಂಟೆಂದು ಹೆಸರು. ಅದರಲ್ಲಿ ನೂರಕ್ಕೆ 35 ಪಾಲಿನವರೆಗೂ ಹಾರುಬೂದಿಯನ್ನು ಸೇರಿಸಲು ಭಾರತೀಯ ಮಾನಕವು ಅವಕಾಶವಿತ್ತಿದೆ.

ಕನ್ನಡ ನಾಡಿಗೆ ಈ ರಸಾಯನ ಹೊಸದಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಸುರ್ಕಿ ಗಾರೆಯನ್ನು ಬಳಸಿದರು. ಸುರ್ಕಿಯೆಂದರೆ ಮತ್ತೇನೂ ಅಲ್ಲ, ಸುಟ್ಟ ಇಟ್ಟಿಗೆಯ ಪುಡಿ. ಸುಟ್ಟ ಜೇಡಿಮಣ್ಣು, ಜೊತೆಗೆ ಸುಣ್ಣ. ಹಾಗಿರುವಾಗ, ಇಂದು ಕಟ್ಟಡದ ಅಂಗಳದಿಂದ ಲಾರಿಗಟ್ಟಲೆ ಹೊರಬೀಳುವ ಇಟ್ಟಿಗೆಯ ಚೂರನ್ನು ಕಸವೆಂದು ಕರೆಯುವುದು ನಮಗೆ ವಿಚಿತ್ರವಾಗಿ ತೋರುತ್ತದೆ. ಆದರೆ ಎಲ್ಲ ಚೂರೂ ಸುರ್ಕಿಗೆ ಒದಗದು. ಹದವಾಗಿ, ತುಸು ಕಡಮೆಯೇ ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದೊಡನೆ ಚೆನ್ನಾಗಿ ಕೂಡುತ್ತದೆ. ಅತಿಯಾಗಿ ಸುಟ್ಟುದು ಜಡ. ಅಂಥದನ್ನು ಒಡೆದು, ನೆಲದ ಕೆಳಗೆ ಹಾಸುವ ಇಟ್ಟಿಗೆ ಜಲ್ಲಿಯಾಗಿ ಬಳಸಬಹುದು.

ಬೂದಿ ಬೆರೆತ ಗಾರೆಗೆ ಒಂದು ದೋಷವುಂಟು: ಅದು ನಿಧಾನಿ. ಮೊದಲ ದಿನಗಳಲ್ಲಿ ಬಲ ಕಡಮೆ. ಗೋಡೆಗೆ ದಿನವೂ ನೀರುಣಿಸುವ ಕೆಲಸದಲ್ಲಿ ಮೇಸ್ತ್ರಿಯು ಉದಾಸೀನ ಮಾಡಿದರೆ ಬಿರುಕು ಬಿಟ್ಟು, ಕೆಡವಿ ಕಟ್ಟಬೇಕಾದೀತು. ಉಳಿಸಹೊರಟ ಕಸ ಇಮ್ಮಡಿಯಾದೀತು.

ಹಳೆಯ ಮನೆ ಕೆಡವುವಾಗ ಇನ್ನೂ ಒಂದು ಎಚ್ಚರ ಬೇಕು. ಛಾವಣಿಯ ಅಲಂಕಾರಕ್ಕೆ ಬಳಿದ ಜಿಪ್ಸಮ್ಮಿನ ತುಣುಕುಗಳು ಇಟ್ಟಿಗೆ, ಕಾಂಕ್ರೀಟುಗಳ ಚೂರಿನಲ್ಲಿ ಸೇರಬಾರದು. ಜಿಪ್ಸಮ್ಮಿನ ಸಲ್ಫೇಟು ಸಿಮೆಂಟಿನೊಡನೆ ವರ್ತಿಸಿ, ಗಟ್ಟಿಯಾದ ಕಾಂಕ್ರೀಟನ್ನು ಒಳಗಿನಿಂದಲೇ ಉಬ್ಬಿಸಿ ಸೀಳುತ್ತದೆ. ರಾಶಿಗಳನ್ನು ಅಂಗಳದಲ್ಲಿಯೇ, ಲಾರಿಗೆ ತುಂಬುವ ಮೊದಲೇ ಬೇರ್ಪಡಿಸುವುದು ಸುಲಭ. ಒಮ್ಮೆ ಬೆರೆತ ಮೇಲೆ ಆರಿಸುವುದು ಬಹು ಕಷ್ಟ.