ಪರಸಿಯಡಿಯ ಹೆಣ್ಣುಹಾವು

ಮುಂಗಾರಿನ ನಾಲ್ಕು ಮಳೆ ಬಿದ್ದರೆ ಸಾಕು, ಸೇಡಂ, ಚಿತ್ತಾಪುರ, ವಾಡಿ ಕಡೆಯ ಬಚ್ಚಲುಗಳಿಂದ ಕೂಗು ಏಳುತ್ತದೆ: “ಯವ್ವಾ, ಹಾವಿನ ಮರಿ ಅದ!” ಕಸಬರಿಗೆ ಬರುತ್ತದೆ, ಚಪ್ಪಲಿ ಬರುತ್ತದೆ, ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಬಹಳ ಸಲ ಸತ್ತದ್ದು ನಾಗರದ ಮರಿಯಲ್ಲ, ಯಾವ ಮರಿಯೂ ಅಲ್ಲ. ಬೆಳೆದು ನಿಂತರೂ ಗೇಣುದ್ದ ದಾಟದ, ವಿಷವಿಲ್ಲದ ಹುಳಹಾವು. ಬಿಲಕ್ಕೆ ನೀರು ನುಗ್ಗಿದಾಗ ಪಾಪ, ಮೋರಿ ಹಿಡಿದು ಮೇಲೆ ಬಂದಿರುತ್ತದೆ.

ಆದಿತ್ಯನಗರದ ಹಿತ್ತಲೊಂದರಲ್ಲಿ, ಹೂಕುಂಡದ ಪಕ್ಕ ಸಡಿಲಾಗಿದ್ದ ಶಹಾಬಾದಿ ಪರಸಿ ಎತ್ತಿದಾಗ ಒಂದನ್ನು ಹತ್ತಿರದಿಂದ ನೋಡಿದೆ. ಮೊದಲ ನೋಟಕ್ಕೆ ಎರೆಹುಳವೇ. ಆದರೆ ಮೈಮೇಲೆ ಉಂಗುರಗಳಿಲ್ಲ, ಲೋಳೆಯಿಲ್ಲ. ಎಣ್ಣೆ ಸವರಿದ ಕರಿದಾರದಂತೆ ಮಿರುಗುವ ಹುರುಪೆ. ಎರೆಹುಳ ಕುಗ್ಗಿ ಹಿಗ್ಗಿ ಸಾಗಿದರೆ ಇದು ಅತ್ತಿತ್ತ ಬಳುಕಿತು. ಕೂದಲೆಳೆಯಂಥ ನಾಲಿಗೆ ಹೊರಗೆ ಇಣುಕಿ ಒಳಗೆ ಹೋಯಿತು. ಕಣ್ಣೆಂದರೆ ಹುರುಪೆಯಡಿಯ ಎರಡು ಚುಕ್ಕಿ, ಬೆಳಕು ಕತ್ತಲೆ ತಿಳಿಯಲಷ್ಟೇ. ಅಂಗೈಗೆ ತೆಗೆದುಕೊಂಡೆ, ಬಾಲದ ತುದಿಯ ಪುಟ್ಟ ಮುಳ್ಳನ್ನು ಚರ್ಮಕ್ಕೆ ಒತ್ತಿತು. ಅದು ಚುಚ್ಚುವ ಕೊಂಡಿಯಲ್ಲ, ಮಣ್ಣಿನಲ್ಲಿ ಮೈಯನ್ನು ಮುಂದೆ ನೂಕಿಕೊಳ್ಳಲು ಊರುವ ಗೂಟ.

ತಲೆ ಯಾವುದು, ಬಾಲ ಯಾವುದು ಎಂದು ತಟ್ಟನೆ ತಿಳಿಯುವುದಿಲ್ಲ. ಕೋರಮಂಡಲ ತೀರದ ಹಾವುಗಳ ಬಗ್ಗೆ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಹೊರತಂದ ಗ್ರಂಥದಲ್ಲಿ ಇದರ ಚಿತ್ರವಿದೆ. ಆತ ಬರೆದುಕೊಂಡ ತೆಲುಗು ಹೆಸರಿನ ಅರ್ಥ ‘ಎರಡು ತಲೆ ಹಾವು’. ಅದೇ ಚಿತ್ರದ ಆಧಾರದ ಮೇಲೆ 1803ರಲ್ಲಿ ಫ್ರಾನ್ಸಿನ ದೋದಾಂ ‘ಬ್ರಾಮಿನಸ್’ ಎಂಬ ವೈಜ್ಞಾನಿಕ ಹೆಸರಿಟ್ಟ. ನಮ್ಮಲ್ಲಿ ಎರಡು ತಲೆಯ ಹಾವೆಂದರೆ ಮಣ್ಣುಮುಕ್ಕ; ಅದು ಬೇರೆ, ಇದಕ್ಕಿಂತ ಎಷ್ಟೋ ದಪ್ಪ.

ಇದರ ಸಂಸಾರದ ಕಥೆಯಂತೂ ಹಾವುಗಳ ಲೋಕದಲ್ಲೇ ಬೇರೆ. ಇದರಲ್ಲಿ ಗಂಡಿಲ್ಲ. ಇರುವುದೆಲ್ಲ ಹೆಣ್ಣು, ಗಂಡಿನ ಸಂಗವಿಲ್ಲದೆ ಮೊಟ್ಟೆಯಿಡುತ್ತದೆ, ಒಡೆದು ಬರುವುದೂ ಹೆಣ್ಣೇ, ತಾಯಿಯ ಪಡಿಯಚ್ಚು. ನಮ್ಮ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿದ್ದರೆ ಇದರಲ್ಲಿ ಮೂರು ಎಂಬುದನ್ನು 1987ರ ಅಧ್ಯಯನವೊಂದು ತೋರಿಸಿತು. ಗಂಡು ಬೇಕಿಲ್ಲವಾದ್ದರಿಂದ ಕುಂಡದ ಮಣ್ಣಿನಲ್ಲಿ ಒಂದೇ ಒಂದು ಅಡಗಿ ಹಡಗು ಹತ್ತಿದರೂ ಹೊಸ ನೆಲದಲ್ಲಿ ವಂಶ ಬೆಳೆಯುತ್ತದೆ. ಏಷ್ಯಾದ ಈ ಹಾವು ಫ್ಲಾರಿಡಾ, ಹವಾಯಿ, ಆಸ್ಟ್ರೇಲಿಯಾಗಳಲ್ಲಿ ಮನೆ ಮಾಡಿದ್ದು ಹೀಗೆಯೇ. ‘ಹೂಕುಂಡದ ಹಾವು’ ಎಂಬ ಹೆಸರೂ ಅದರಿಂದಲೇ ಬಂತು.

ಊಟ ಇರುವೆ, ಗೆದ್ದಲು, ಅವುಗಳ ಮೊಟ್ಟೆಮರಿ. ಗೆದ್ದಲನ್ನು ಹಿಂಬದಿಯಿಂದ ನುಂಗುತ್ತ ಬಂದು, ತಲೆ ಮಾತ್ರ ಉಳಿದಾಗ ಅದನ್ನು ನೆಲಕ್ಕೆ ಉಜ್ಜಿ ಕಿತ್ತು ಬಿಡುವುದನ್ನು ಜಪಾನಿನ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಕೀಳದೆ ನುಂಗಿದ ತಲೆಗಳು ಅರಗದೆ ಹಾಗೇ ಹೊರಬರುತ್ತಿದ್ದವಂತೆ. ಬಾಗಿಲ ಚೌಕಟ್ಟು ಗೆದ್ದಲು ಹಿಡಿಯಿತೆಂದು ಮರುಗುವ ನಾವು, ಗೆದ್ದಲು ತಿನ್ನುವುದನ್ನೇ ಬಚ್ಚಲಲ್ಲಿ ಬಡಿಯುತ್ತೇವೆ.

ಬರಿಗೈಯಲ್ಲಿ ಮುಟ್ಟಬೇಕೆಂದೇನಿಲ್ಲ; ಗುರುತು ಖಚಿತವಿಲ್ಲದಿದ್ದರೆ ಮುಟ್ಟಲೂ ಬಾರದು. ಉದ್ದ ಹಿಡಿಯ ಕಸದ ಮೊರ ಸಾಕು. ಎತ್ತಿ ಹಸಿಮಣ್ಣಿಗೆ ಬಿಟ್ಟರಾಯಿತು. ಅಂದು ನಾನು ಬಿಟ್ಟದ್ದು ಕುಂಡದ ಅಂಚಿನಲ್ಲಿ ಒಂದು ಕ್ಷಣ ಮೂತಿಯೂರಿ ನಿಂತು, ದಾರ ಸೂಜಿಗಣ್ಣಿಗೆ ಇಳಿದಂತೆ ಮಣ್ಣೊಳಗೆ ಇಳಿದುಹೋಯಿತು.