ಗರ್ಭಿಣಿಯ ತೂಕದ ಲೆಕ್ಕ: ಊರು ಬದಲಾದರೂ ತಪ್ಪದಿರಲಿ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಚೊಚ್ಚಲ ಬಸುರಿಗೆ ಏಳನೇ ತಿಂಗಳು ಬಂತೆಂದರೆ ಸೀಮಂತದ ಸಡಗರ. ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ಬಯಕೆಯ ಊಟ. ಅದು ಮುಗಿಯುತ್ತಿದ್ದಂತೆ ಹೆರಿಗೆ, ಬಾಣಂತನಕ್ಕೆಂದು ತವರಿನ ಪ್ರಯಾಣ. ಕರಾವಳಿಯವರಿಗೆ ಮತ್ಸ್ಯಗಂಧ ರೈಲು. ವಿಜಯಪುರ, ಕಲಬುರಗಿ ಕಡೆಯವರಿಗೆ ರಾತ್ರಿ ಬಸ್ಸು. ಚೀಲಕ್ಕೆ ಏನೇನು ತುಂಬಬೇಕೆಂದು ಮನೆಮಂದಿಯೆಲ್ಲ ನೆನಪಿಸುತ್ತಾರೆ. ಆದರೆ ಆರು ತಿಂಗಳ ತಪಾಸಣೆಯ ಕಾರ್ಡನ್ನು ಯಾರೂ ನೆನಪಿಸದಿದ್ದರೆ ಅದು ಇಲ್ಲಿನ ಕಪಾಟಿನಲ್ಲೇ ಉಳಿದುಬಿಡುತ್ತದೆ.

ಆ ಕಾರ್ಡಿನಲ್ಲಿ ತೂಕಕ್ಕೆಂದೇ ಒಂದು ಸಾಲು ಇದೆ. ತಿಂಗಳಿಗೊಮ್ಮೆ ಬರೆದ ಆರೇಳು ಅಂಕಿಗಳನ್ನು ಒಟ್ಟಿಗೆ ನೋಡಿದರೆ ಮಗು ಸರಿಯಾಗಿ ಬೆಳೆಯುತ್ತಿದೆಯೇ, ತಾಯಿಗೆ ಊಟ ಸಾಲುತ್ತಿದೆಯೇ, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಹೊಂಚು ಹಾಕುತ್ತಿದೆಯೇ ಎಂದು ವೈದ್ಯರು ಊಹಿಸಬಲ್ಲರು. ಊರಿನ ಆಸ್ಪತ್ರೆಯಲ್ಲಿ ಹೊಸದಾಗಿ ಬರೆದ ಒಂದೇ ಅಂಕಿಯಿಂದ ಇದಾವುದೂ ತಿಳಿಯದು. ಐವತ್ತೆಂಟು ಕಿಲೋ ಎಂದರೆ ಹೆಚ್ಚೋ ಕಡಿಮೆಯೋ? ಬಸುರಾಗುವ ಮೊದಲು ಎಷ್ಟಿತ್ತು ಎಂಬುದು ಗೊತ್ತಿಲ್ಲದಿದ್ದರೆ ಉತ್ತರವಿಲ್ಲ.

ಎಷ್ಟು ಏರಬೇಕು?

ಕೇಂದ್ರ ಆರೋಗ್ಯ ಇಲಾಖೆಯು ದಾದಿಯರಿಗೆ ನೀಡಿರುವ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಯ ತೂಕ ಒಟ್ಟು 9ರಿಂದ 11 ಕಿಲೋ ಏರುವುದು ಸಾಮಾನ್ಯ. ಮೊದಲ ಮೂರು ತಿಂಗಳು ವಾಕರಿಕೆಯಿಂದಾಗಿ ಹೆಚ್ಚೇನೂ ಏರದಿರಬಹುದು. ಆಮೇಲೆ ವಾರಕ್ಕೆ ಸುಮಾರು ಅರ್ಧ ಕಿಲೋದಂತೆ ತಿಂಗಳಿಗೆ 2 ಕಿಲೋ ಏರಬೇಕು. ಊಟ ಸಾಲದ ಕಡೆ ಈ ಏರಿಕೆ 5-6 ಕಿಲೋಗೇ ನಿಂತುಬಿಡುತ್ತದೆ. ಒಂದೇ ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚಾದರೆ ಅವಳಿ ಮಕ್ಕಳಿರಬಹುದೇ, ರಕ್ತದೊತ್ತಡ ಏರುತ್ತಿದೆಯೇ ಎಂದು ನೋಡಬೇಕಾಗುತ್ತದೆ.

ಏರಿದ ತೂಕವೆಲ್ಲ ಕೊಬ್ಬಲ್ಲ. ಮಗುವಿನದೇ ಸುಮಾರು 3 ಕಿಲೋ. ಉಳಿದದ್ದು ಮಾಸು, ಗರ್ಭದ ನೀರು, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ, ಮತ್ತು ಮುಂದೆ ಹಾಲೂಡಿಸಲೆಂದು ದೇಹ ಕೂಡಿಡುವ ಸ್ವಲ್ಪ ಕೊಬ್ಬು.

ಎಲ್ಲರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಅಂಕಿಗೆ ಬಿಎಂಐ ಎನ್ನುತ್ತಾರೆ. ಅದು 18.5ಕ್ಕಿಂತ ಕಡಿಮೆಯಿದ್ದರೆ ಕೃಶ ದೇಹ. ಐದಡಿ ಎತ್ತರದ ಹೆಣ್ಣುಮಗಳು ಬಸುರಾಗುವ ಮೊದಲು 43 ಕಿಲೋಗಿಂತ ಕಡಿಮೆ ಇದ್ದರೆ ಆಕೆ ಈ ಗುಂಪಿಗೆ ಸೇರುತ್ತಾಳೆ. 58 ಕಿಲೋ ದಾಟಿದ್ದರೆ ಬಿಎಂಐ 25ನ್ನು ಮೀರುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿದಂತೆ ಕೃಶ ದೇಹದವರಿಗೆ 12.5ರಿಂದ 18, ಸಾಮಾನ್ಯ ತೂಕದವರಿಗೆ 11.5ರಿಂದ 16, ಬಿಎಂಐ 25 ದಾಟಿದವರಿಗೆ 7ರಿಂದ 11.5, 30 ದಾಟಿದವರಿಗೆ 5ರಿಂದ 9 ಕಿಲೋ ಏರಿಕೆ ಸೂಕ್ತ. ಇವು ಅಮೆರಿಕದ ಮಹಿಳೆಯರನ್ನು ಕಂಡು ಮಾಡಿದ ಅಳತೆ. ನಮ್ಮವರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕವೆಂದು ಭಾರತದ ತಜ್ಞರು ಪರಿಗಣಿಸುತ್ತಾರೆ. ಹೀಗಾಗಿ ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅಳತೆಗಳು ಬೇರೆಯಾದರೂ ಸೂತ್ರ ಒಂದೇ: ತೆಳ್ಳಗಿದ್ದವರು ಹೆಚ್ಚು ಏರಬೇಕು, ದಪ್ಪಗಿದ್ದವರು ಹಿತಮಿತವಾಗಿ.

ಒಂದೇ ದೇಶ, ಎರಡು ಸಂಕಟ

ಈ ವಿಚಾರ ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿರುವುದು ಏಕೆಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಸಾಕು. 2019-21ರ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 18.7 ಮಂದಿ ಕೃಶರು, ಶೇ. 24 ಮಂದಿ ಅಧಿಕ ತೂಕದವರು. ಗರ್ಭಿಣಿಯರಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ ಶೇ. 52.2 ಮಂದಿಗೆ ರಕ್ತಹೀನತೆ. ಹಳೆಯ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಡಯೇನ್ ಕಾಫಿ ಅವರ ಅಧ್ಯಯನವು, ಭಾರತದಲ್ಲಿ ಬಸುರಾಗುವ ಹೊತ್ತಿಗೆ ಶೇ. 42ರಷ್ಟು ಮಹಿಳೆಯರು ಕೃಶರಾಗಿದ್ದರು, ಇಡೀ ಗರ್ಭಾವಸ್ಥೆಯಲ್ಲಿ ಏರಿದ ತೂಕ ಸುಮಾರು 7 ಕಿಲೋ ಮಾತ್ರ ಎಂದು ಲೆಕ್ಕ ಹಾಕಿತ್ತು.

ವಲಸೆ ಬಂದ ಕನ್ನಡಿಗರಲ್ಲಿ ಎರಡೂ ಬಗೆಯವರಿದ್ದಾರೆ. ಉತ್ತರ ಕರ್ನಾಟಕದಿಂದ ಬಂದು ಕಟ್ಟಡದ ಕೆಲಸ, ಮನೆಗೆಲಸ ಮಾಡುವ ತಾಯಂದಿರು ದಿನ ತುಂಬುವವರೆಗೂ ದುಡಿಯುತ್ತಾರೆ; ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುತ್ತಾರೆ. ಇತ್ತ ಉಪನಗರದ ಫ್ಲ್ಯಾಟಿನಲ್ಲಿ ಮದುವೆಗೆ ಮೊದಲೇ ತೂಕ ಹೆಚ್ಚಿದ್ದ ಸೊಸೆಗೆ ‘ಎರಡು ಜೀವದವಳು, ಎರಡು ಪಾಲು ಉಣ್ಣು’ ಎಂಬ ಉಪಚಾರ. ದಿನವೂ ತುಪ್ಪ, ಲಡ್ಡು, ಜೊತೆಗೆ ಪೂರ್ಣ ವಿಶ್ರಾಂತಿ. ಇನ್ನು ಕೆಲವು ಮನೆಗಳಲ್ಲಿ ಮಗು ದೊಡ್ಡದಾದರೆ ಸಿಸೇರಿಯನ್ ಆದೀತೆಂಬ ಭಯದಿಂದ ಕೊನೆಯ ತಿಂಗಳುಗಳಲ್ಲಿ ಊಟವನ್ನೇ ಕಡಿಮೆ ಮಾಡಿಸುತ್ತಾರೆ. ಎಲ್ಲವೂ ಪ್ರೀತಿಯ ಮಾತೇ. ಆದರೆ ಪ್ರೀತಿಗೆ ತಕ್ಕಡಿಯ ಸಾಕ್ಷಿ ಬೇಕು.

ಪುಣೆ, ಮೈಸೂರು, ಮುಂಬಯಿ ಹೇಳಿದ್ದೇನು?

ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆ ಮಗುವಿನ ಇಡೀ ಬಾಳಿಗೆ ತಳಹದಿಯೆಂಬುದಕ್ಕೆ ನಮಗೆ ಪರಿಚಿತವಾದ ಮೂರು ಊರುಗಳಲ್ಲೇ ಪುರಾವೆಗಳಿವೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಸುತ್ತಲಿನ ಆರು ಹಳ್ಳಿಗಳ ತಾಯಂದಿರ ಅಧ್ಯಯನ ಆರಂಭಿಸಿತು. ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಮುಂದೆ ಸಕ್ಕರೆ ಕಾಯಿಲೆಗೆ ಇದೇ ಬೀಜವಾಗಬಹುದೆಂದು ಈ ತಂಡ ಎಚ್ಚರಿಸಿತು. ಸೊಪ್ಪು, ಹಣ್ಣು, ಹಾಲು ಹೆಚ್ಚು ಸೇವಿಸಿದ ತಾಯಂದಿರ ಶಿಶುಗಳು ದೊಡ್ಡದಿದ್ದುದೂ ಅಲ್ಲೇ ಕಂಡುಬಂತು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಳ ಕಾಲ ಗಮನಿಸಲಾಯಿತು. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳು ಹುಟ್ಟುವಾಗಲೇ ದೊಡ್ಡದಾಗಿದ್ದು, ಬೆಳೆಯುತ್ತ ಅವರ ಮೈಯಲ್ಲಿ ಕೊಬ್ಬಿನ ಅಂಶವೂ ಹೆಚ್ಚಾಯಿತು. ಹೀಗೆ ತೀರ ಕಡಿಮೆಯೂ ಕೇಡು, ಮಿತಿ ಮೀರಿದ್ದೂ ಕೇಡು.

ಮುಂಬಯಿಯ ಕೊಳೆಗೇರಿಗಳಲ್ಲಿ 2006ರಿಂದ ನಡೆದ ‘ಸರಸ್’ ಯೋಜನೆಯದು ಇನ್ನೂ ಸೂಕ್ಷ್ಮ ಪಾಠ. ಬಸುರಾಗುವ ಮೊದಲಿನಿಂದಲೇ ಮಹಿಳೆಯರಿಗೆ ಸೊಪ್ಪು, ಹಣ್ಣು, ಹಾಲಿನಿಂದ ಮಾಡಿದ ತಿಂಡಿಯನ್ನು ದಿನವೂ ಕೊಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಟ್ಟಾರೆ ಶಿಶುಗಳ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಸುರಾಗುವುದಕ್ಕೆ ಮೂರು ತಿಂಗಳ ಮೊದಲೇ ತಿಂಡಿ ಆರಂಭಿಸಿದವರ ಶಿಶುಗಳು ಸರಾಸರಿ 48 ಗ್ರಾಂ ಹೆಚ್ಚು ತೂಗಿದವು. ತೀರ ಕೃಶರಾಗಿದ್ದ ತಾಯಂದಿರಲ್ಲಿ ಈ ಲಾಭ ಸಿಗಲಿಲ್ಲ. ಅಂದರೆ ತೂಕದ ಚಿಂತೆ ಸೀಮಂತದಿಂದಲ್ಲ, ಮದುವೆಯ ಮಾತುಕತೆಯ ಹೊತ್ತಿನಿಂದಲೇ ಆರಂಭವಾಗಬೇಕು.

ನಿರ್ಣಾಯಕ ತಿಂಗಳಲ್ಲೇ ಪ್ರಯಾಣ

ತೂಕ ಚುರುಕಾಗಿ ಏರುವುದು ನಾಲ್ಕನೇ ತಿಂಗಳ ನಂತರ. ಸಕ್ಕರೆ ಕಾಯಿಲೆಯ ಎರಡನೇ ಪರೀಕ್ಷೆ ನಡೆಯಬೇಕಾದದ್ದು 24ರಿಂದ 28ನೇ ವಾರದ ನಡುವೆ. ಗರ್ಭಾವಸ್ಥೆಯ ರಕ್ತದೊತ್ತಡ ಹೆಚ್ಚಾಗಿ ತಲೆದೋರುವುದು ಕೊನೆಯ ತಿಂಗಳುಗಳಲ್ಲಿ. ನಮ್ಮ ಹೆಣ್ಣುಮಕ್ಕಳು ಊರಿಗೆ ಹೊರಡುವುದೂ ಇದೇ ಸಮಯದಲ್ಲಿ. ‘ಊರಿಗೆ ಹೋದ ಮೇಲೆ ತೋರಿಸಿದರಾಯಿತು’ ಎಂದು ಇಲ್ಲಿಯವರು, ‘ಮುಂಬಯಿಯಲ್ಲಿ ಎಲ್ಲ ಆಗಿರುತ್ತದೆ’ ಎಂದು ಅಲ್ಲಿಯವರು ನಂಬಿಕೊಂಡರೆ ಪರೀಕ್ಷೆ ಎರಡೂ ಕಡೆ ತಪ್ಪುತ್ತದೆ.

ಆದ್ದರಿಂದ ಪ್ರಯಾಣಕ್ಕೆ ಮೊದಲು ಸಕ್ಕರೆ ಪರೀಕ್ಷೆ ಮುಗಿಸಿ ಅದರ ವರದಿ, ತಾಯಿ-ಮಗುವಿನ ಕಾರ್ಡ್, ಸೋನೋಗ್ರಫಿ ಕಾಗದಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಎಲ್ಲದರ ಫೋಟೋ ಗಂಡನ ಮೊಬೈಲಿನಲ್ಲೂ ಇರಲಿ. ಕಾರ್ಡ್ ಮರಾಠಿಯಲ್ಲಿದೆಯೆಂದು ಹಿಂಜರಿಯಬೇಕಿಲ್ಲ. ಅಂಕಿಗಳು ಎಲ್ಲ ವೈದ್ಯರಿಗೂ ಅರ್ಥವಾಗುತ್ತವೆ. ಊರು ತಲುಪಿದ ಮೊದಲ ವಾರದಲ್ಲೇ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತೂಕ ನೋಡಿಸಬೇಕು. ಒಂದು ತಕ್ಕಡಿಗೂ ಇನ್ನೊಂದಕ್ಕೂ ಕಿಲೋದಷ್ಟು ವ್ಯತ್ಯಾಸವಿರಬಹುದಾದ್ದರಿಂದ ಹೊಸ ಊರಿನ ಲೆಕ್ಕ ಆ ದಿನದಿಂದಲೇ ಶುರುವಾಗುವುದು ಒಳ್ಳೆಯದು. ಚಪ್ಪಲಿ ಬಿಟ್ಟು, ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ, ಸಾಧ್ಯವಾದಷ್ಟು ಒಂದೇ ಹೊತ್ತಿನಲ್ಲಿ ತೂಗಬೇಕು.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಇದು ಮುಂಬಯಿಗೂ ಅನ್ವಯ, ಊರಿಗೂ ಅನ್ವಯ. ಕರ್ನಾಟಕದ ಅಂಗನವಾಡಿಗಳಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಜಾರಿಗೆ ಬಂದಿದೆ. ಊರಿಗೆ ಹೋದವರು ಅದರ ಬಗ್ಗೆ ವಿಚಾರಿಸಬೇಕು.

ಊಟದ ತಟ್ಟೆ, ಎಚ್ಚರಿಕೆಯ ಗಂಟೆ

ಗರ್ಭಿಣಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಇದು ಎರಡು ಪಾಲು ಊಟವಲ್ಲ. ಎರಡು ಚಪಾತಿ, ಒಂದು ಬಟ್ಟಲು ತೊವ್ವೆ, ಒಂದು ಸಣ್ಣ ಲೋಟ ಹಾಲು ಸೇರಿದರೆ ಹೆಚ್ಚುಕಡಿಮೆ ಇಷ್ಟಾಗುತ್ತದೆ. ಹೆಸರುಕಾಳು, ಬಸಳೆ, ಹರಿವೆ, ಮೊಟ್ಟೆ, ಮೀನು, ರಾಗಿ, ಜೋಳದ ರೊಟ್ಟಿ ನಮ್ಮ ಅಡಿಗೆಮನೆಗೆ ಹೊಸತೇನಲ್ಲ. ತೂಕ ಹೆಚ್ಚಿದ್ದವರೂ ಬಸುರಿನಲ್ಲಿ ಉಪವಾಸ ಮಾಡಿ ಇಳಿಸಲು ಹೊರಡಬಾರದು. ಸಿಹಿ, ಕರಿದ ತಿಂಡಿ ಬಿಟ್ಟು, ವೈದ್ಯರು ಒಪ್ಪಿದರೆ ದಿನವೂ ನಡೆದರೆ ಒಳ್ಳೆಯದು.

ನಾಲ್ಕನೇ ತಿಂಗಳ ನಂತರ ಒಂದು ತಿಂಗಳು ತೂಕ ಏರಲೇ ಇಲ್ಲವೆಂದರೆ, ಅಥವಾ ದಿಢೀರನೆ ಏರಿದ್ದಲ್ಲದೆ ಮುಖ, ಕೈ ಊದಿಕೊಂಡು, ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಂಘಗಳು ಮಾಡಬಹುದಾದದ್ದು

ನಮ್ಮ ಸಂಘಸಂಸ್ಥೆಗಳ ಆರೋಗ್ಯ ಶಿಬಿರಗಳಲ್ಲಿ ಹಿರಿಯರ ಕಣ್ಣು, ಸಕ್ಕರೆ, ರಕ್ತದೊತ್ತಡಕ್ಕೆ ಮೊದಲ ಸ್ಥಾನ. ಅದು ಸರಿಯೇ. ಅದರ ಜೊತೆಗೆ ಮಹಿಳಾ ವಿಭಾಗಗಳು ಅರಸಿನ ಕುಂಕುಮ, ಆಟಿಯ ಕೂಟಗಳಲ್ಲಿ ಒಂದು ತಕ್ಕಡಿ, ಎತ್ತರದ ಅಳತೆಪಟ್ಟಿ ಇಟ್ಟು ನವವಿವಾಹಿತೆಯರ ತೂಕ, ಎತ್ತರ ಬರೆದುಕೊಟ್ಟರೆ ಖರ್ಚು ಅತ್ಯಲ್ಪ. ಅಂಕಿಯನ್ನು ಎಲ್ಲರೆದುರು ಕೂಗಿ ಹೇಳದೆ ಚೀಟಿಯಲ್ಲಿ ಬರೆದು ಕೈಗೆ ಕೊಡುವ ಸೌಜನ್ಯ ಇರಲಿ. ಸಂಘದ ಸಭಾಗೃಹಕ್ಕೆ ಎಂದೂ ಬಾರದ ಕೂಲಿ ಕುಟುಂಬಗಳ ಬಸ್ತಿಗೂ ಆ ತಕ್ಕಡಿ ಹೋಗಬೇಕು. ಅದರ ಅಗತ್ಯ ಹೆಚ್ಚಿರುವುದು ಅಲ್ಲಿ. ಮತ್ತು ಸೀಮಂತದಲ್ಲಿ ಮಡಿಲು ತುಂಬುವ ಹಿರಿಯ ಮುತ್ತೈದೆಯರು ಹೂವು, ಹಣ್ಣು, ಅರಿಶಿನ ಕುಂಕುಮದೊಂದಿಗೆ ‘ಕಾರ್ಡ್ ಚೀಲದಲ್ಲಿಟ್ಟೆಯೇನಮ್ಮ?’ ಎಂದು ಒಂದು ಮಾತು ಕೇಳಿದರೆ, ಇಲ್ಲಿ ಆರಂಭವಾದ ಲೆಕ್ಕ ಊರಿನಲ್ಲಿ ಹೆರಿಗೆಯವರೆಗೂ ಮುಂದುವರಿಯುತ್ತದೆ.