ಬಾಟಲಿ ಬಿಡಿಸುವ ಕಾಲ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಬಿಡಿಸು’ ಎಂಬ ಮಾತಿನ ಬಳಕೆ ಬಹಳ ವಿಶಾಲವಾದುದು. ನಾವು ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ. ಮಗುವಿಗೆ ಹಾಲು ಬಿಡಿಸುವುದೂ ಇದೇ ಸಾಲಿಗೆ ಸೇರಿದ ಕೆಲಸ. ಅವಸರದಿಂದ ಎಳೆದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ನಾಳೆ ನೋಡೋಣವೆಂದು ಹಾಗೆಯೇ ಬಿಟ್ಟರೆ ಅದು ತಾನಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಬಾಟಲಿಯ ಹಾಲಿಗೆ ಒಗ್ಗಿಹೋದ ಮಗುವಿಗೆ ಆ ಬಾಟಲಿಯನ್ನು ಯಾವಾಗ ಬಿಡಿಸಬೇಕು, ಏಕೆ ಬಿಡಿಸಬೇಕು, ಹೇಗೆ ಬಿಡಿಸಬೇಕು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಮೊದಲ ಹುಟ್ಟುಹಬ್ಬದ ಸುಮಾರಿಗೆ ಆರಂಭಿಸಬೇಕು, ಒಂದೂವರೆ ವರ್ಷ ತುಂಬುವುದರೊಳಗೆ ಮುಗಿಸಬೇಕು. ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಗಡುವು ಇದೇ: 12 ತಿಂಗಳಿಂದ 18 ತಿಂಗಳು. ಆದರೆ ಗಡುವನ್ನು ಮಾತ್ರ ತಿಳಿದವರು ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಅದನ್ನು ಪಾಲಿಸಲಾರರು. ಅದರ ಹಿಂದಿನ ಕಾರಣ ಮನಸ್ಸಿಗೆ ಒಪ್ಪಿಗೆಯಾಗಿದ್ದರೆ ಮಾತ್ರ ಕೈ ಗಟ್ಟಿಯಾಗುತ್ತದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಹೇಳುತ್ತಿರುವುದು ಬಾಟಲಿಯ ವಿಷಯ, ತಾಯಿಯ ಮೊಲೆಹಾಲಿನದಲ್ಲ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಆ ಮೇಲೆ ಇತರ ಆಹಾರದ ಜೊತೆಗೆ ಅದು ಎರಡು ವರ್ಷದವರೆಗೆ, ಅದಕ್ಕೂ ಮುಂದೆ, ನಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿಗೆ ವರ್ಷವಾಯಿತೆಂದು ಅವಸರದಿಂದ ಎದೆಹಾಲು ತಪ್ಪಿಸಿ ಕೈಗೆ ಬಾಟಲಿ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಇದ್ದುದನ್ನು ಕಳೆದು ಇಲ್ಲದ್ದನ್ನು ತಂದುಕೊಂಡಂತೆ ಅದು.

ಬಾಟಲಿ ನಮ್ಮ ಮನೆಗಳಿಗೆ ಬಂದದ್ದು ಬಹು ಹಿಂದೆಯೇನಲ್ಲ. ನ್ಯೂಯಾರ್ಕಿನ ಎಲೈಜಾ ಪ್ರ್ಯಾಟ್ ಎಂಬಾತ ರಬ್ಬರಿನ ನಿಪ್ಪಲ್ಲಿಗೆ ಹಕ್ಕುಪತ್ರ ಪಡೆದದ್ದು 1845ರಲ್ಲಿ. ಆ ಶತಮಾನದ ಯೂರೋಪಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯುಳ್ಳ ಬಾಟಲಿಗಳು ಬಹಳ ಜನಪ್ರಿಯವಾಗಿದ್ದವು. ಮಗುವನ್ನು ಎತ್ತಿಕೊಳ್ಳಬೇಕಾಗಿಲ್ಲ, ತೊಟ್ಟಿಲಲ್ಲಿ ಮಲಗಿದಲ್ಲೇ ಅದು ಚೀಪುತ್ತಿತ್ತು. ಆದರೆ ಆ ಕೊಳವೆಯ ಒಳಭಾಗವನ್ನು ತೊಳೆಯುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಅದರಿಂದ ಸತ್ತ ಕೂಸುಗಳ ದೆಸೆಯಿಂದ ಇಂಗ್ಲೆಂಡಿನಲ್ಲಿ ಅದಕ್ಕೆ ‘ಕೊಲೆಗಡುಕ ಬಾಟಲಿ’ ಎಂಬ ಹೆಸರೇ ಬಿದ್ದಿತು. ಫ್ರಾನ್ಸ್ 1910ರಲ್ಲಿ ಅದನ್ನು ಕಾನೂನಿನಿಂದಲೇ ನಿಷೇಧಿಸಿತು.

ನಮ್ಮಲ್ಲಿ ಇದ್ದದ್ದು ಒಳಲೆ. ಬೆಳ್ಳಿಯದೋ ಹಿತ್ತಾಳೆಯದೋ, ಒಂದು ಕಡೆ ಮೂತಿ ಚಾಚಿದ ಪುಟ್ಟ ಪಾತ್ರೆ. ತಮಿಳರು ಅದನ್ನು ಪಾಲಾಡೈ ಎನ್ನುತ್ತಾರೆ. ಅದರಲ್ಲಿ ಹಾಲು ಹಾಕಬೇಕಾದರೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲೇಬೇಕು, ಅದರ ಮುಖ ನೋಡಲೇಬೇಕು. ಕುಡಿಸಿದ ಮೇಲೆ ಬೆರಳಿನಿಂದ ಉಜ್ಜಿ ತೊಳೆದರೆ ಮೂಲೆ ಸಂದಿಗಳಿಲ್ಲದೆ ಅದು ಸ್ವಚ್ಛವಾಗುತ್ತದೆ. ದಿನ ತುಂಬದೆ ಹುಟ್ಟಿದ, ಚೀಪುವ ಶಕ್ತಿ ಸಾಲದ ಕೂಸುಗಳಿಗೆ ತಾಯಿಯ ಹಾಲನ್ನು ಇಂಥದೇ ಪಾತ್ರೆಯಿಂದ ಕುಡಿಸುವ ಕ್ರಮ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಂದಿಗೂ ಇದೆ. ಬಾಟಲಿಯ ಅಪಾಯವನ್ನು ಸರ್ಕಾರವೂ ಕಂಡಿದೆ. ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟದ ಬಗ್ಗೆ 1981ರಲ್ಲಿ ವಿಶ್ವ ಆರೋಗ್ಯ ಸಭೆ ನಿಯಮಾವಳಿಯೊಂದನ್ನು ಅಂಗೀಕರಿಸಿತು. ಭಾರತವು 1992ರಲ್ಲಿ ತನ್ನದೇ ಕಾನೂನನ್ನು ಮಾಡಿತು. ಹಾಲಿನ ಬಾಟಲಿಯ ಜಾಹೀರಾತು ಈ ದೇಶದಲ್ಲಿ ಅಪರಾಧ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇರಲಿ, ಕಾರಣಗಳು ಹಲವು. ತಾಯಿ ಕೆಲಸಕ್ಕೆ ಹೋಗಬೇಕಾಗುತ್ತದೆ, ಹಾಲು ಸಾಲದಾಗುತ್ತದೆ, ಬಾಟಲಿ ಮನೆಗೆ ಬರುತ್ತದೆ. ಬಂದದ್ದನ್ನು ಕುರಿತು ತಾಯಿಯನ್ನು ದೂರುವುದರಿಂದ ಪ್ರಯೋಜನವಿಲ್ಲ. ಬಂದದ್ದು ಹೋಗಬೇಕಾದ ಹೊತ್ತಿಗೆ ಹೋಗುವಂತೆ ನೋಡಿಕೊಳ್ಳುವುದು ಮುಖ್ಯ. ಹೋಗದಿದ್ದರೆ ಆಗುವ ಕೇಡೇನು?

ಮಕ್ಕಳ ವೈದ್ಯನಾಗಿ ನಾನು ಅತಿ ಹೆಚ್ಚು ಕೇಳಿರುವ ದೂರು ಒಂದೇ. “ಡಾಕ್ಟರೇ, ಮಗು ಊಟವನ್ನೇ ಮಾಡುವುದಿಲ್ಲ. ಹಾಲೂ ಇಲ್ಲದಿದ್ದರೆ ಅದು ಬದುಕುವುದು ಹೇಗೆ?” ಎಂದು ಎರಡೂವರೆ ವರ್ಷದ ಮೊಮ್ಮಗನನ್ನು ಕರೆತಂದ ಅಜ್ಜಿಯೊಬ್ಬರು ಕೇಳಿದರು. ಹುಡುಗ ದುಂಡಗಿದ್ದ, ಆದರೆ ಕಣ್ಣಿನ ರೆಪ್ಪೆಯ ಒಳಭಾಗ ಬಿಳಚಿಕೊಂಡಿತ್ತು. ದಿನಕ್ಕೆ ಎಷ್ಟು ಬಾಟಲಿ ಎಂದು ಕೇಳಿದೆ. ಅಜ್ಜಿ ಬೆರಳು ಮಡಿಚಿ ಎಣಿಸಿದರು: ಬೆಳಿಗ್ಗೆ ಎದ್ದೊಡನೆ ಒಂದು, ಸ್ನಾನವಾದ ಮೇಲೆ ಒಂದು, ಮಧ್ಯಾಹ್ನ ಮಲಗುವಾಗ ಒಂದು, ಸಂಜೆ ಒಂದು, ರಾತ್ರಿ ಎರಡು. “ಅಮ್ಮಾ, ಊಟಕ್ಕೆ ಹೊಟ್ಟೆಯಲ್ಲಿ ಜಾಗ ಎಲ್ಲಿ ಉಳಿಯಿತು?” ಎಂದೆ.

ಲೆಕ್ಕ ಸರಳವಾಗಿದೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 1000 ಕ್ಯಾಲೊರಿ. 900 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 600 ಕ್ಯಾಲೊರಿ ಇರುತ್ತದೆ; ಸಕ್ಕರೆ ಬೆರೆಸಿದರೆ ಇನ್ನೂ ಹೆಚ್ಚು. ಅನ್ನ, ಬೇಳೆ, ಸೊಪ್ಪಿಗೆ ಇನ್ನೆಲ್ಲಿ ಹಸಿವು? ಮಗು ಊಟ ಮಾಡದಿರುವುದರಿಂದ ಹಾಲು ಕೊಡುತ್ತೇವೆಂದು ಮನೆಯವರು ತಿಳಿದಿರುತ್ತಾರೆ. ಹಾಲು ಕೊಡುವುದರಿಂದಲೇ ಮಗು ಊಟ ಮಾಡುವುದಿಲ್ಲ ಎಂಬುದು ನಿಜ ಸಂಗತಿ.

ಈ ಹಾಲಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವುದು ಸುಮಾರು ಅರ್ಧ ಮಿಲಿಗ್ರಾಂ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದುದು ಏಳೆಂಟು ಮಿಲಿಗ್ರಾಂ. ಸಾಲದ್ದಕ್ಕೆ ಹಾಲಿನ ಸುಣ್ಣಾಂಶವೂ ಪ್ರೋಟೀನೂ ಬೇರೆ ಆಹಾರದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ತಾಯಿಯ ಗರ್ಭದಿಂದ ಕೂಸು ಕಟ್ಟಿಕೊಂಡು ಬಂದ ಕಬ್ಬಿಣದ ಬುತ್ತಿ ಆರು ತಿಂಗಳ ಹೊತ್ತಿಗೆ ಕರಗಿಹೋಗಿರುತ್ತದೆ. ಆ ಮೇಲೆ ಬರುವುದು ರಕ್ತಹೀನತೆ. ಮಿದುಳು ಭರದಿಂದ ಬೆಳೆಯುವ ಕಾಲ ಅದು. ಆಗ ಕಬ್ಬಿಣ ಸಾಲದಿದ್ದರೆ ಮಗುವಿನ ಚುರುಕಿಗೂ ಕಲಿಕೆಗೂ ಹಾನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿ ರಕ್ತಹೀನರು. ಇದಕ್ಕೆ ಬಡತನವೂ ಸೇರಿ ಕಾರಣಗಳು ಅನೇಕ. ಆದರೆ ಉಣ್ಣಲು ಯಥೇಚ್ಛವಾಗಿರುವ ಮನೆಯ ಮಗುವೂ ಈ ಲೆಕ್ಕಕ್ಕೆ ಸೇರುವುದುಂಟು; ಅಂಥಲ್ಲಿ ಬಾಟಲಿಯ ಪಾತ್ರವನ್ನು ವಿಚಾರಿಸಬೇಕು.

ಹಲ್ಲಿನ ಕೇಡು ಎರಡನೆಯದು. ಮಗು ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋದಾಗ ಹಾಲು ಮೇಲ್ದವಡೆಯ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಕಡಿಮೆ, ಹಲ್ಲನ್ನು ತೊಳೆಯುವವರಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿಸಿ ಹಲ್ಲನ್ನು ಕೊರೆಯುತ್ತವೆ. ಮೊದಲು ಸುಣ್ಣದಂತಹ ಬಿಳಿ ಗೆರೆ, ಆಮೇಲೆ ಕಂದು ಕಲೆ, ಕೊನೆಗೆ ಮೊಂಡು ಬೇರು. ಕೆಳಗಿನ ಹಲ್ಲುಗಳನ್ನು ನಾಲಗೆ ಮುಚ್ಚಿ ಕಾಯುವುದರಿಂದ ಅವು ಬಹುಪಾಲು ಉಳಿಯುತ್ತವೆ. ‘ಹಾಲುಹಲ್ಲು ಹೇಗಿದ್ದರೇನು, ಬಿದ್ದುಹೋಗುವಂಥದು’ ಎನ್ನುವವರಿದ್ದಾರೆ. ಆದರೆ ಮೇಲಿನ ಮುಂದಿನ ಹಾಲುಹಲ್ಲು ಬೀಳುವುದು ಏಳೆಂಟು ವರ್ಷಕ್ಕೆ. ಅಲ್ಲಿಯವರೆಗೆ ಮಗು ಅಗಿಯಬೇಕು, ಮಾತನಾಡಬೇಕು, ನಗಬೇಕು. ಹಲ್ಲುನೋವಿನಲ್ಲಿ ರಾತ್ರಿ ಕಳೆಯಬಾರದು. ಮಲಗಿ ಬಾಟಲಿ ಕುಡಿಯುವ ಮಗುವಿಗೆ ಕಿವಿಯ ಸೋಂಕಿನ ಭಯವೂ ಉಂಟು. ಗಂಟಲಿನಿಂದ ಕಿವಿಯ ಒಳಕ್ಕೆ ಹೋಗುವ ನಾಳ ಎಳೆಯರಲ್ಲಿ ಗಿಡ್ಡವಾಗಿಯೂ ಅಡ್ಡವಾಗಿಯೂ ಇರುತ್ತದೆ. ಹಾಲು ಆ ಕಡೆಗೆ ಸುಲಭವಾಗಿ ಹರಿಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಬಿಡಿಸುವುದು ಏಕೆ ಕಷ್ಟ? ಬಾಟಲಿಯಲ್ಲಿ ಇರುವುದು ಹಾಲೊಂದೇ ಅಲ್ಲವಾದುದರಿಂದ. ಅದರಲ್ಲಿ ಆಹಾರವೂ ಇದೆ, ಸಮಾಧಾನವೂ ಇದೆ. ತಾಯಿ ಕಣ್ಮರೆಯಾದಾಗ ಮಗು ಹಳೆಯ ಸೀರೆಯ ಚೂರನ್ನೋ ಗೊಂಬೆಯನ್ನೋ ಅಪ್ಪಿಕೊಂಡು ಧೈರ್ಯ ತಂದುಕೊಳ್ಳುವ ಬಗೆಯನ್ನು ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ವಿನ್ನಿಕಾಟ್ ಅವರು 1953ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಎಷ್ಟೋ ಮಕ್ಕಳಿಗೆ ಬಾಟಲಿಯೇ ಆ ಸೀರೆಯ ಚೂರು. ಆಹಾರದ ಜಾಗಕ್ಕೆ ಆಹಾರವನ್ನೂ ಸಮಾಧಾನದ ಜಾಗಕ್ಕೆ ಸಮಾಧಾನವನ್ನೂ ತಂದಿಡದೆ ಬಾಟಲಿಯನ್ನು ಮಾತ್ರ ತೆಗೆದರೆ ಮಗು ಅಳುವುದು ನ್ಯಾಯವೇ ಆಗಿದೆ.

ಆದಕಾರಣ ಸಿದ್ಧತೆ ವರ್ಷ ತುಂಬುವ ಮೊದಲೇ ಆರಂಭವಾಗಬೇಕು. ಆರು ತಿಂಗಳ ಹೊತ್ತಿಗೆ ಅನ್ನಪ್ರಾಶನವಾಗುತ್ತದೆ. ಅಂದಿನಿಂದಲೇ ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ನೀರು ಕುಡಿಸುವ ಅಭ್ಯಾಸ ಮಾಡಿಸಿ. ಅರ್ಧ ಚೆಲ್ಲುತ್ತದೆ, ಚೆಲ್ಲಲಿ. ಮಗು ಆಸರೆಯಿಲ್ಲದೆ ಕೂರುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ, ಲೋಟದ ಅಂಚನ್ನು ತುಟಿಯಿಂದ ಕಚ್ಚಿ ಹಿಡಿಯುತ್ತದೆ ಎಂದಾದರೆ ಅದು ಸಿದ್ಧವಾಗಿದೆ ಎಂದೇ ಅರ್ಥ. ಮೂತಿಯಿರುವ ಸಿಪ್ಪರ್ ಬಟ್ಟಲು ಕೆಲದಿನದ ಮಟ್ಟಿಗೆ ಸರಿ. ಬಹುಕಾಲ ನಡೆದರೆ ಅದೂ ಮತ್ತೊಂದು ಬಾಟಲಿಯೇ.

ವರ್ಷ ತುಂಬಿದ ಮೇಲೆ ದಿನದ ಬಾಟಲಿಗಳಲ್ಲಿ ಮಗು ಅಷ್ಟಾಗಿ ಹಂಬಲಿಸದ ಒಂದನ್ನು, ಸಾಮಾನ್ಯವಾಗಿ ಮಧ್ಯಾಹ್ನದ್ದನ್ನು, ಮೊದಲು ತೆಗೆಯಿರಿ. ಆ ಹೊತ್ತಿಗೆ ಊಟ, ಊಟದ ನಂತರ ಲೋಟದಲ್ಲಿ ಸ್ವಲ್ಪ ಹಾಲು. ಐದಾರು ದಿನ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ರಾತ್ರಿಯದು ಕೊನೆಗೆ. ಮಲಗುವ ಮುನ್ನ ಲೋಟದಲ್ಲಿ ಹಾಲು ಕೊಟ್ಟು, ಹಲ್ಲು ಒರೆಸಿ, ಆಮೇಲೆ ತಟ್ಟಿ ಮಲಗಿಸುವುದೋ, ಲಾಲಿಯೋ, ಕಥೆಯೋ, ದಿನವೂ ಒಂದೇ ಕ್ರಮದಲ್ಲಿ ನಡೆಯಲಿ. ನಡುರಾತ್ರಿ ಎದ್ದರೆ ಲೋಟದಲ್ಲಿ ನೀರು. ರಾತ್ರಿಯ ಬಾಟಲಿಗೆ ದಿನದಿನಕ್ಕೆ ಸ್ವಲ್ಪ ಹೆಚ್ಚು ನೀರು ಬೆರೆಸಿ ಕೊನೆಗೆ ನೀರನ್ನೇ ಉಳಿಸುವ ಉಪಾಯವೂ ಕೆಲವರಿಗೆ ಫಲಿಸುತ್ತದೆ. ಆದರೆ ಎಚ್ಚರ: ಇದು ವರ್ಷ ದಾಟಿ ಊಟ ಮಾಡುವ ಮಗುವಿಗೆ ಮಾತ್ರ. ಹಸುಗೂಸಿನ ಹಾಲಿಗೆ ಎಂದೂ ನೀರು ಬೆರೆಸಿ ತೆಳುವಾಗಿಸಕೂಡದು.

ಜ್ವರ ಬಂದಿರುವಾಗ, ಮನೆಗೆ ತಮ್ಮನೋ ತಂಗಿಯೋ ಬಂದ ಹೊಸತರಲ್ಲಿ, ಊರು ಬದಲಾಯಿಸುವಾಗ, ತಾಯಿ ಕೆಲಸಕ್ಕೆ ಹೊರಟ ಮೊದಲ ವಾರದಲ್ಲಿ ಆರಂಭಿಸಬೇಡಿ. ಹತ್ತು ಹದಿನೈದು ದಿನ ಮುಂದೂಡಿದರೆ ನಷ್ಟವಿಲ್ಲ. ಆದರೆ ಹಬ್ಬ ಕಳೆಯಲಿ, ಮಳೆಗಾಲ ಕಳೆಯಲಿ ಎನ್ನುತ್ತಾ ಹೋದರೆ ಮಗು ಶಾಲೆಗೆ ಹೋಗುವ ದಿನ ಬರುತ್ತದೆ. ಎರಡು ದಾಟಿದ ಮೇಲೆ ಮಗುವಿಗೆ ಹಟವೂ ಬಂದಿರುತ್ತದೆ, ಮಾತೂ ಬಂದಿರುತ್ತದೆ. ಕೆಲಸ ಎರಡರಷ್ಟು ಕಷ್ಟ. ಸೀಳು ಅಂಗುಳಿನಂಥ ತೊಂದರೆ ಇರುವ, ಬೆಳವಣಿಗೆ ನಿಧಾನವಾಗಿರುವ ಮಕ್ಕಳ ವಿಷಯ ಬೇರೆ. ಅವರಿಗೆ ವೈದ್ಯರ ಸಲಹೆಯಂತೆ ನಡೆಯಬೇಕು.

ನಮ್ಮ ಮನೆಗಳಲ್ಲಿ ಎರಡು ಉಪಾಯಗಳು ಹಿಂದಿನಿಂದ ಬಂದಿವೆ. ಬೇವಿನ ಕಹಿ ಹಚ್ಚುವುದು ಒಂದು. ‘ಕಾಗೆ ಎತ್ತಿಕೊಂಡು ಹೋಯಿತು’ ಎನ್ನುವುದು ಇನ್ನೊಂದು. ಕಹಿ ಹಚ್ಚುವುದನ್ನು ನಾನು ಮೆಚ್ಚುವುದಿಲ್ಲ. ನಿನ್ನೆಯವರೆಗೆ ನೆಮ್ಮದಿ ಕೊಟ್ಟದ್ದು ಇಂದು ಏಕೆ ಮೋಸಮಾಡಿತೆಂದು ಮಗು ಕೇಳಲಾರದು. ಕಾಗೆಯ ಕಥೆ ಅಷ್ಟು ಕ್ರೂರವಲ್ಲ. ಆದರೆ ರಾತ್ರಿ ಅಳು ಜೋರಾದೊಡನೆ ಅಜ್ಜಿಯೋ ಅಪ್ಪನೋ ಅಟ್ಟದಿಂದ ಆ ಬಾಟಲಿಯನ್ನೇ ಇಳಿಸಿ ಕೊಟ್ಟರೆ, ಅತ್ತರೆ ಕಾಗೆ ಹಿಂದಿರುಗುತ್ತದೆ ಎಂಬ ಪಾಠವನ್ನು ಮಗು ಒಂದೇ ರಾತ್ರಿಯಲ್ಲಿ ಕಲಿಯುತ್ತದೆ. ಅದನ್ನು ಮರೆಸಲು ಹಲವು ರಾತ್ರಿಗಳು ಬೇಕು. ಆದ್ದರಿಂದ ಬಾಟಲಿ ಬಿಡಿಸುವುದು ತಾಯಿಯೊಬ್ಬಳ ನಿರ್ಧಾರವಾಗಿದ್ದರೆ ನಿಲ್ಲುವುದಿಲ್ಲ. ಅದು ಮನೆಮಂದಿಯೆಲ್ಲರ ನಿರ್ಧಾರವಾಗಬೇಕು. ರಾತ್ರಿ ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದಾಡುವ ಸರದಿ ತಂದೆಗೂ ಬರಬೇಕು.

ಬಾಟಲಿ ಹೋದ ಮೇಲೆ ಮಗು ಕುಡಿಯುವ ಹಾಲು ಕಡಿಮೆಯಾಗುತ್ತದೆ. ಹೆದರಬೇಕಾಗಿಲ್ಲ, ಈ ವಯಸ್ಸಿಗೆ ದಿನಕ್ಕೆ 400–500 ಮಿಲಿಲೀಟರ್ ಧಾರಾಳವಾಗಿ ಸಾಕು, ಮೊಸರೂ ಅದರ ಲೆಕ್ಕಕ್ಕೇ ಸೇರುತ್ತದೆ. ಸುಣ್ಣಾಂಶದ ಚಿಂತೆಯಿದ್ದರೆ ನಮ್ಮ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ಬೇಳೆ, ಸೊಪ್ಪು, ರೂಢಿಯಿರುವ ಮನೆಗಳಲ್ಲಿ ಮೊಟ್ಟೆ ಮಾಂಸ, ಮೇಲೆ ನಾಲ್ಕು ಹನಿ ನಿಂಬೆರಸ; ಇಷ್ಟಾದರೆ ಕಬ್ಬಿಣವೂ ದೇಹಕ್ಕೆ ಸೇರುತ್ತದೆ. ಮೊದಲ ಮೂರು ನಾಲ್ಕು ದಿನ ಮಗು ಮುನಿಸಿಕೊಳ್ಳಬಹುದು. ಆಮೇಲೆ ತಾನಾಗಿಯೇ ತಟ್ಟೆಯ ಕಡೆಗೆ ಕೈ ಚಾಚುತ್ತದೆ. ಮೊದಲು ಹೇಳಿದ ಆ ಹುಡುಗನಿಗೆ ಕಬ್ಬಿಣದ ಔಷಧವನ್ನು ಬರೆದುಕೊಟ್ಟೆ; ಅದಕ್ಕಿಂತ ಮೊದಲು ಬಾಟಲಿಗಳನ್ನು ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿಸುವ ದಿನಗಳನ್ನು ಕಾಗದದ ಮೇಲೆ ಬರೆದುಕೊಟ್ಟೆ. ಔಷಧ ಕೆಲಸ ಮಾಡಬೇಕಾದರೆ ಹಸಿವು ಮರಳಿ ಬರಬೇಕಾಗಿತ್ತು.

ಮನುಷ್ಯನ ಬಾಳಿನಲ್ಲಿ ಬಿಡಬೇಕಾದವು ಮುಂದೆ ಎಷ್ಟೋ ಬರುತ್ತವೆ. ಮೊದಮೊದಲ ಬಿಡುಗಡೆಗಳಲ್ಲಿ ಇದೊಂದು. ಅದು ನಡೆಯುವಾಗ ತನ್ನವರು ಹತ್ತಿರದಲ್ಲೇ ಇದ್ದರು, ಗದರಲಿಲ್ಲ, ಮೋಸಮಾಡಲಿಲ್ಲ, ಆಡಿದ ಮಾತಿನಿಂದ ಹಿಂದೆಯೂ ಸರಿಯಲಿಲ್ಲ ಎಂಬ ಅನುಭವ ಮಗುವಿಗೆ ಆಗಬೇಕು. ಬಾಟಲಿಯ ನೆನಪು ಅದಕ್ಕೆ ಉಳಿಯುವುದಿಲ್ಲ. ಆ ನಂಬಿಕೆ ಉಳಿದೀತು.